ಎರಡೂವರೆ ಗುಂಟೆಯ ಇಂಗ್ಲಿಷ್ ಹಿತ್ತಲು

'ಅಲಾಟ್‌ಮೆಂಟ್' ಎಂಬ ಮಾತು ಕಿವಿಗೆ ಬಿದ್ದರೆ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಬಿಡಿಎ ನಿವೇಶನ. ಅರ್ಜಿ, ಠೇವಣಿ, ವರ್ಷಗಟ್ಟಲೆ ಕಾಯುವುದು, ಕೊನೆಗೊಂದು ದಿನ ಅದೃಷ್ಟವಿದ್ದರೆ ಮೂವತ್ತು-ನಲವತ್ತರ ಒಂದು ತುಂಡು ನೆಲ. ಬ್ರಿಟನ್ನಿನಲ್ಲೂ ಅಲಾಟ್‌ಮೆಂಟಿಗೆ ಅರ್ಜಿ ಹಾಕಬೇಕು, ವರ್ಷಗಟ್ಟಲೆ ಕಾಯಬೇಕು. ಲಂಡನ್ನಿನ ಕೆಲವು ಬಡಾವಣೆಗಳಲ್ಲಿ ಹತ್ತು ವರ್ಷ ಮೀರಿ ಕಾದವರಿದ್ದಾರೆ. ಸಿಗುವುದೂ ಒಂದು ತುಂಡು ನೆಲವೇ. ಆದರೆ ಅದರ ಮೇಲೆ ಮನೆ ಕಟ್ಟುವಂತಿಲ್ಲ, ಅದನ್ನು ಮಾರುವಂತಿಲ್ಲ, ಅಲ್ಲಿ ಬೆಳೆದದ್ದನ್ನು ವ್ಯಾಪಾರಕ್ಕೆ ಇಡುವಂತಿಲ್ಲ. ಅಗೆಯಬೇಕು, ಬಿತ್ತಬೇಕು, ಬೆಳೆದದ್ದನ್ನು ಮನೆಗೆ ಒಯ್ದು ಬೇಯಿಸಿ ತಿನ್ನಬೇಕು. ಅದಕ್ಕಾಗಿ ಊರಿನ ಕೌನ್ಸಿಲ್‌ಗೆ ವರ್ಷಕ್ಕಿಷ್ಟು ಎಂದು ಬಾಡಿಗೆ ಕಟ್ಟಬೇಕು.

ಈ ಬಾಡಿಗೆ ಹಿತ್ತಲಿನ ಅಳತೆ ಇಂದಿಗೂ ಹಳೆಯ 'ರಾಡ್' ಲೆಕ್ಕದಲ್ಲೇ ನಡೆಯುತ್ತದೆ. ರಾಡ್ ಎಂದರೆ ಹದಿನಾರೂವರೆ ಅಡಿ ಉದ್ದದ ಅಳತೆಗೋಲು. ರೂಢಿಯ ಪೂರ್ಣ ತುಂಡು ಹತ್ತು ಚದರ ರಾಡ್, ಅಂದರೆ 2,722 ಚದರ ಅಡಿ. ಎಕರೆಯ ಹದಿನಾರನೆಯ ಒಂದು ಭಾಗ. ನಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡೂವರೆ ಗುಂಟೆ. ಮೂವತ್ತು-ನಲವತ್ತರ ಎರಡು ಸೈಟುಗಳನ್ನು ಒಟ್ಟಿಗೆ ಹಾಕಿದರೆ ಬರುವುದಕ್ಕಿಂತ ತುಸು ಹೆಚ್ಚು. ಇಂಗ್ಲೆಂಡಿನಲ್ಲಿ ರೈಲಿನಲ್ಲಿ ಹೋಗುವವರಿಗೆ ಊರು ಹತ್ತಿರ ಬಂತೆಂದು ತಿಳಿಸುವ ಗುರುತುಗಳಲ್ಲಿ ಇದೂ ಒಂದು: ಹಳಿಯ ಪಕ್ಕದಲ್ಲಿ ಸಾಲಾಗಿ ಹಲಗೆಯ ಗೂಡುಗಳು, ನೀರು ಹಿಡಿದಿಟ್ಟ ಪೀಪಾಯಿಗಳು, ಬಿದಿರು ಕಡ್ಡಿಗಳ ಚಪ್ಪರ, ಬಲೆ ಹೊದ್ದ ಪಾತಿಗಳು, ಬಗ್ಗಿ ಅಗೆಯುತ್ತಿರುವ ಒಬ್ಬಿಬ್ಬರು ವಯಸ್ಸಾದವರು.

ಎರಡೂವರೆ ಗುಂಟೆಯೇ ಏಕೆ, ಎರಡು ಎಕರೆ ಏಕಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಆ ದೇಶದ ಇನ್ನೂರು ವರ್ಷಗಳ ಬಡವರ ಇತಿಹಾಸವೇ ತೆರೆದುಕೊಳ್ಳುತ್ತದೆ. ಅದನ್ನು ಅರಿಯಲು ತಕ್ಕ ಕಾಲವೆಂದರೆ ಬೇಸಿಗೆಯ ಆರಂಭ.

ಬೇಸಿಗೆ ಎಂದಾಗ ನಮ್ಮ ಏಪ್ರಿಲ್ ತಿಂಗಳ ಉರಿಬಿಸಿಲು ಕಣ್ಣಮುಂದೆ ಬರಬಾರದು. ಇಂಗ್ಲೆಂಡಿನ ಬೇಸಿಗೆ ಕಾಲಿಡುವುದು ಮೇ ಕೊನೆಯಲ್ಲಿ, ನಮ್ಮಲ್ಲಿ ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ. ಬೆಚ್ಚಗಿನ ದಕ್ಷಿಣ ಭಾಗದಲ್ಲೂ ಮೇ ತಿಂಗಳ ಮಧ್ಯದವರೆಗೆ ಇಬ್ಬನಿ ಹೆಪ್ಪುಗಟ್ಟಿ ಎಳೆ ಸಸಿ ಕರಕಲಾಗುವ ರಾತ್ರಿಗಳಿರುತ್ತವೆ. ಅದು ಕಳೆದ ಮೇಲೆ ಹಗಲು ಹಿಗ್ಗುತ್ತಾ ಹೋಗುತ್ತದೆ. ಜೂನ್ 21ರ ಸುಮಾರಿಗೆ ಲಂಡನ್ನಿನಲ್ಲಿ ಹದಿನಾರೂವರೆ ಗಂಟೆ ಹಗಲು. ಸೂರ್ಯ ಮುಳುಗುವುದು ರಾತ್ರಿ 9 ಗಂಟೆ 20 ನಿಮಿಷದ ಹೊತ್ತಿಗೆ. ಅದೇ ದಿನ ಬೆಂಗಳೂರಿನಲ್ಲಿ ಹಗಲು ಹದಿಮೂರು ಗಂಟೆಗೂ ಕಡಿಮೆ. ಕಾರ್ಖಾನೆಯಲ್ಲೋ ಕಚೇರಿಯಲ್ಲೋ ದುಡಿದು ಮನೆಗೆ ಬಂದವನಿಗೆ ಊಟದ ನಂತರ ಇನ್ನೂ ಮೂರು ಗಂಟೆ ಬೆಳಕು ಉಳಿದಿರುತ್ತದೆ. ಕೂಲಿಯವನು ಪರರ ಹೊಲದಲ್ಲಿ ದಿನವಿಡೀ ದುಡಿದೂ ತನ್ನದೊಂದು ತುಂಡನ್ನು ನೋಡಿಕೊಳ್ಳಲು ಸಾಧ್ಯವಾದದ್ದು ಈ ಬೆಳಕಿನಿಂದ.

ಆದರೆ ಈ ಹಸಿರು ಕಾಲದ ಹೊಸ್ತಿಲಲ್ಲಿ ಒಂದು ವಿಪರ್ಯಾಸವಿದೆ. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗಿನ ಅವಧಿಯನ್ನು ಅಲ್ಲಿನ ತೋಟಗಾರರು 'ಹಂಗ್ರಿ ಗ್ಯಾಪ್' ಎನ್ನುತ್ತಾರೆ. ಹಸಿವಿನ ಸಂಧಿಕಾಲ ಎನ್ನಬಹುದು. ಮರಗಳೆಲ್ಲ ಚಿಗುರಿ ನಿಂತಿರುತ್ತವೆ, ಬೇಲಿಯಲ್ಲಿ ಹೂವು ತುಂಬಿರುತ್ತದೆ, ಅಡುಗೆಮನೆಯಲ್ಲಿ ಮಾತ್ರ ತರಕಾರಿ ಇರುವುದಿಲ್ಲ. ಚಳಿಗಾಲವನ್ನು ಸಹಿಸಿ ನಿಂತಿದ್ದ ಲೀಕ್ ಎಂಬ ಈರುಳ್ಳಿ ಜಾತಿಯ ಗಿಡ, ಕೋಸಿನ ಜಾತಿಯ ಸೊಪ್ಪುಗಳು ಹಗಲು ಉದ್ದವಾದೊಡನೆ ಹೂವಿಗೆ ಬಂದು ನಾರಾಗುತ್ತವೆ. ಹಿಂದಿನ ವರ್ಷದ ಆಲೂಗಡ್ಡೆ ಮೂಟೆಯಲ್ಲೇ ಮೊಳಕೆಯೊಡೆದು ಸುಕ್ಕಾಗುತ್ತದೆ. ಮಾರ್ಚ್‌ನಲ್ಲಿ ಬಿತ್ತಿದ್ದು ಇನ್ನೂ ಬೆರಳುದ್ದ. ನಮ್ಮ ಹಳ್ಳಿಗಳಲ್ಲಿ ಕಣಜ ಬರಿದಾದ ಆಷಾಢವನ್ನು ದಾಟುವುದು ಹೇಗೆ ಕಷ್ಟವಾಗಿತ್ತೋ, ಇಂಗ್ಲಿಷ್ ಕೂಲಿಕಾರನಿಗೆ ಮೇ ತಿಂಗಳು ಹಾಗಿತ್ತು. ಇಂದು ಸ್ಪೇನಿನ ಟೊಮೆಟೊ, ಕೆನ್ಯಾದ ಬೀನ್ಸ್ ಅಂಗಡಿಯಲ್ಲಿ ವರ್ಷವಿಡೀ ಸಿಗುವುದರಿಂದ ಪೇಟೆಯವರಿಗೆ ಈ ಸಂಧಿಕಾಲದ ಅರಿವೇ ಇಲ್ಲ. ಅದು ಇನ್ನೂ ಕಾಣಿಸುವುದು ಬಾಡಿಗೆ ಹಿತ್ತಲಿನಲ್ಲಿ ಮಾತ್ರ.

ಈ ಹಿತ್ತಲು ಹುಟ್ಟಿದ್ದು ಗೋಮಾಳ ಹೋದದ್ದರಿಂದ. ನಮ್ಮ ಊರುಗಳಲ್ಲಿ ಗೋಮಾಳ, ಗುಂಡುತೋಪು ಇರುವಂತೆ ಇಂಗ್ಲೆಂಡಿನ ಹಳ್ಳಿಗಳಲ್ಲಿ 'ಕಾಮನ್ಸ್' ಎಂಬ ನೆಲವಿತ್ತು. ಜಮೀನಿನ ಒಡೆತನ ಯಾರದೇ ಇರಲಿ, ಅಲ್ಲಿ ಹಸು ಮೇಯಿಸುವ, ಹಂದಿ ಬಿಡುವ, ಸೌದೆ ಆರಿಸುವ ಹಕ್ಕು ಹಳ್ಳಿಯವರಿಗಿತ್ತು. ಸ್ವಂತ ಭೂಮಿ ಇಲ್ಲದವನೂ ಒಂದು ಹಸು ಸಾಕಬಹುದಿತ್ತು. ಭೂಮಾಲೀಕರು ಪಾರ್ಲಿಮೆಂಟಿನಲ್ಲಿ ಒಂದೊಂದು ಊರಿಗೂ ಒಂದೊಂದು ಕಾಯ್ದೆ ಮಾಡಿಸಿಕೊಂಡು ಈ ನೆಲಕ್ಕೆ ಬೇಲಿ ಹಾಕುತ್ತಾ ಹೋದರು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯ್ದೆಗಳಾದವು. 68 ಲಕ್ಷ ಎಕರೆ ಬೇಲಿಯೊಳಗೆ ಹೋಯಿತು. ಕಾಯ್ದೆ ಮಾಡುವವರೂ ನೆಲ ಪಡೆಯುವವರೂ ಬಹುಪಾಲು ಒಂದೇ ವರ್ಗದವರಾಗಿದ್ದರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಸು ಹೋಯಿತು, ಹಾಲು ಹೋಯಿತು, ಸೌದೆ ಹೋಯಿತು. ಉಳಿದದ್ದು ದಿನಗೂಲಿ. ಕೂಲಿ ಸಾಲದಾದಾಗ ಪ್ಯಾರಿಷ್ ನಿಧಿಯಿಂದ ಕೊಡುವ ಬಡವರ ಭತ್ಯೆ. ಆ ಭತ್ಯೆಯ ಹೊರೆ ಬೀಳುವುದು ಜಮೀನುದಾರರು ಕಟ್ಟುವ ತೆರಿಗೆಯ ಮೇಲೆ. ಬಡವನಿಗೆ ಒಂದು ತುಂಡು ನೆಲ ಕೊಟ್ಟರೆ ಭತ್ಯೆಯ ಖರ್ಚು ಇಳಿಯುತ್ತದೆ ಎಂಬ ಲೆಕ್ಕಾಚಾರ ಹುಟ್ಟಿದ್ದು ಹೀಗೆ. ದಯೆ ಇರಲಿಲ್ಲವೆಂದಲ್ಲ. ವಿಲ್ಟ್‌ಶೈರ್ ಪ್ರಾಂತದ ಗ್ರೇಟ್ ಸಾಮರ್‌ಫರ್ಡ್ ಎಂಬ ಹಳ್ಳಿಯಲ್ಲಿ ಬೇಲಿ ಹಾಕುವ ಕಾಲ ಬಂದಾಗ ಅಲ್ಲಿನ ಪಾದ್ರಿ ಸ್ಟೀಫನ್ ಡೆಮೇನ್‌ಬ್ರೇ 1809ರಲ್ಲಿ ದೊರೆ ಮೂರನೇ ಜಾರ್ಜ್‌ಗೆ ಪತ್ರ ಬರೆದು, ಆರು ಎಕರೆಯನ್ನಾದರೂ ಬಡವರಿಗೆ ಶಾಶ್ವತವಾಗಿ ಬಿಡಬೇಕೆಂದು ಕೇಳಿಕೊಂಡ. 'ಫ್ರೀ ಗಾರ್ಡನ್ಸ್' ಎಂಬ ಆ ಜಾಗದಲ್ಲಿ ಇಂದಿಗೂ ತರಕಾರಿ ಬೆಳೆಯುತ್ತದೆ. ದೇಶದ ಅತ್ಯಂತ ಹಳೆಯ ಅಲಾಟ್‌ಮೆಂಟ್ ತಮ್ಮದೇ ಎಂಬುದು ಆ ಊರಿನವರ ಹೆಮ್ಮೆ.

ಇಂಥ ಪಾದ್ರಿಗಳು ಎಲ್ಲೆಡೆ ಇರಲಿಲ್ಲ. ಹೆಚ್ಚಿನ ಕಡೆ ನೆಲ ಬಂದದ್ದು ಭಯದಿಂದ. 1830ರಲ್ಲಿ ದಕ್ಷಿಣ ಮತ್ತು ಪೂರ್ವ ಇಂಗ್ಲೆಂಡಿನ ಕೂಲಿಕಾರರು ದಂಗೆಯೆದ್ದು ತಮ್ಮ ಚಳಿಗಾಲದ ಕೆಲಸ ಕಸಿದ ಒಕ್ಕಣೆ ಯಂತ್ರಗಳನ್ನು ಒಡೆದುಹಾಕಿದರು, ಬಣವೆಗಳಿಗೆ ಬೆಂಕಿ ಇಟ್ಟರು. 'ಕ್ಯಾಪ್ಟನ್ ಸ್ವಿಂಗ್' ಎಂಬ ಕಲ್ಪಿತ ನಾಯಕನ ಸಹಿಯಿದ್ದ ಬೆದರಿಕೆ ಪತ್ರಗಳು ಜಮೀನುದಾರರ ಬಾಗಿಲಿಗೆ ಬಂದವು. 19 ಜನರನ್ನು ಗಲ್ಲಿಗೇರಿಸಲಾಯಿತು. ಸುಮಾರು 500 ಮಂದಿಯನ್ನು ಆಸ್ಟ್ರೇಲಿಯಾದ ಕಡೆಗೆ ಗಡೀಪಾರು ಮಾಡಲಾಯಿತು. ಅದರ ಬೆನ್ನಿಗೇ ಊರೂರಲ್ಲಿ ಅಲಾಟ್‌ಮೆಂಟುಗಳು ಹೆಚ್ಚಿದವು. ಅದೇ ವರ್ಷ ಹುಟ್ಟಿದ 'ಲೇಬರರ್ಸ್ ಫ್ರೆಂಡ್ ಸೊಸೈಟಿ' ಎಂಬ ಸಂಘ ಇದನ್ನೇ ಪ್ರಚಾರ ಮಾಡಿತು. ತನ್ನದೊಂದು ಆಲೂಗಡ್ಡೆ ಸಾಲು ಇದ್ದವನು ಪರರ ಬಣವೆಗೆ ಬೆಂಕಿ ಇಡಲಾರ ಎಂಬುದು ಭೂಮಾಲೀಕರ ನಂಬಿಕೆ.

ಆದರೆ ಕೂಲಿಯಾಳುಗಳನ್ನು ನೇರವಾಗಿ ದುಡಿಸಿಕೊಳ್ಳುತ್ತಿದ್ದ ಗೇಣಿ ರೈತರಿಗೆ ಇದು ಇಷ್ಟವಾಗಲಿಲ್ಲ. ಆಳು ತನ್ನ ಶಕ್ತಿಯನ್ನು ಸಂಜೆಯ ಕೆಲಸಕ್ಕೆ ಉಳಿಸಿಕೊಳ್ಳುತ್ತಾನೆ, ಬಿತ್ತನೆ ಬೀಜ ಕದಿಯುತ್ತಾನೆ, ಹೊಟ್ಟೆ ತುಂಬಿದರೆ ಕೂಲಿ ಹೆಚ್ಚಿಸೆಂದು ಎದುರು ನಿಲ್ಲುತ್ತಾನೆ ಎಂಬ ದೂರು. ಆದ್ದರಿಂದ ತುಂಡು ಎಷ್ಟು ದೊಡ್ಡದಿರಬೇಕೆಂಬುದೇ ದೊಡ್ಡ ಚರ್ಚೆಯಾಯಿತು. ಹಸಿವು ನೀಗಬೇಕು, ಕೂಲಿಯ ಅಗತ್ಯ ನೀಗಬಾರದು. ನೇಗಿಲು ಹೂಡುವಷ್ಟು ನೆಲ ಬೇಡ. ಬಿಡುವಿನ ವೇಳೆಯಲ್ಲಿ ಒಬ್ಬ ಮನುಷ್ಯ, ಅವನ ಹೆಂಡತಿ ಮಕ್ಕಳು ಸಲಿಕೆಯಿಂದ ಅಗೆಯಬಹುದಾದಷ್ಟು ಸಾಕು. 1845ರ ಸಾಮಾನ್ಯ ಕಾಯ್ದೆ ಬಡವರಿಗೆ ಬಿಡುವ ತುಂಡಿಗೆ ಕಾಲು ಎಕರೆಯ ಮಿತಿ ಹಾಕಿತು. ಮುಂದೆ ಪೇಟೆಗಳಿಗೆ ಬಂದಾಗ ಅದು ಹತ್ತು ರಾಡ್‌ಗೆ ಇಳಿಯಿತು. ಕೆಲವು ಕಡೆ ಷರತ್ತುಗಳೂ ಇದ್ದವು: ಭಾನುವಾರ ಅಗೆಯಬಾರದು, ಚರ್ಚ್ ತಪ್ಪಿಸಬಾರದು, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಒಪ್ಪಿಗೆಯಿಲ್ಲದೆ ಸ್ವಂತ ತುಂಡಿನಲ್ಲಿ ಕಾಣಿಸಿಕೊಳ್ಳಬಾರದು, ಅಪರಾಧ ಸಾಬೀತಾದರೆ ನೆಲ ವಾಪಸು. 1845ರ ಕಾಯ್ದೆಯಡಿ ಮುಂದಿನ ಕಾಲು ಶತಮಾನದಲ್ಲಿ ಬೇಲಿಯೊಳಗೆ ಹೋದದ್ದು ಸುಮಾರು ಆರು ಲಕ್ಷ ಎಕರೆ. ಅದರಲ್ಲಿ ಬಡವರ ಹಿತ್ತಲಿಗೆ ಬಂದದ್ದು ಎರಡು ಸಾವಿರ ಎಕರೆ ಚಿಲ್ಲರೆ.

ಕೂಲಿಕಾರರಿಗೆ 1884ರಲ್ಲಿ ಮತದಾನದ ಹಕ್ಕು ಬಂದ ಮೇಲೆ ಗಾಳಿ ತಿರುಗಿತು. 1886ರ ಜನವರಿಯಲ್ಲಿ ಜೆಸ್ಸಿ ಕಾಲಿಂಗ್ಸ್ ಎಂಬ ಸದಸ್ಯ ಬಡವರಿಗೆ ತುಂಡು ಜಮೀನು ಕೊಡುವ ವಿಷಯ ಎತ್ತಿ ತಂದ ತಿದ್ದುಪಡಿಯ ಮೇಲೆ ಲಾರ್ಡ್ ಸಾಲ್ಸ್‌ಬರಿಯ ಸರ್ಕಾರವೇ ಬಿತ್ತು. ತರಕಾರಿ ಪಾತಿಗಾಗಿ ಸರ್ಕಾರ ಉರುಳಿದ ಉದಾಹರಣೆ ಬೇರೆಲ್ಲೂ ಸಿಗಲಿಕ್ಕಿಲ್ಲ. ಮರುವರ್ಷವೇ, 1887ರಲ್ಲಿ, ಬೇಡಿಕೆಯಿದ್ದರೆ ನೆಲ ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸುವ ಕಾಯ್ದೆ ಬಂತು. 1908ರ ಕಾಯ್ದೆ ಇಂದಿಗೂ ಇದರ ಬುನಾದಿ. ಊರಿನ ಆರು ಮಂದಿ ಮತದಾರರು ಬರೆದುಕೊಟ್ಟರೆ ಕೌನ್ಸಿಲ್ ಅದನ್ನು ಪರಿಶೀಲಿಸಲೇಬೇಕು. 1922ರ ಕಾಯ್ದೆ ಇಂಥ ಹಿತ್ತಲು ಎಂದರೇನೆಂದು ಬರೆದಿಟ್ಟಿತು: ಹಿಡಿದವನು ತನಗೆ, ತನ್ನ ಕುಟುಂಬದ ಊಟಕ್ಕೆ ಮುಖ್ಯವಾಗಿ ತರಕಾರಿ, ಹಣ್ಣು ಬೆಳೆಯುವ ನೆಲ. 1925ರಲ್ಲಿ ಇನ್ನೊಂದು ಕಾಪು ಬಂತು: ಅಲಾಟ್‌ಮೆಂಟಿಗೆಂದೇ ಪಡೆದ ಜಾಗವನ್ನು ಕೌನ್ಸಿಲ್ ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. 1950ರ ಕಾಯ್ದೆ ಕೋಳಿ, ಮೊಲ ಸಾಕಲು ಅನುಮತಿ ಕೊಟ್ಟಿತು. ಹುಂಜಕ್ಕೆ ಮಾತ್ರ ಇಲ್ಲ. ಅಕ್ಕಪಕ್ಕದವರ ನಿದ್ದೆಯ ಕಾಳಜಿ.

ಇಷ್ಟು ಕಾಯ್ದೆಗಳ ಬೇಲಿಯೊಳಗೆ ಬೆಳೆಯುವುದೇನು?

ಮೊದಲ ಮರ್ಯಾದೆ ಆಲೂಗಡ್ಡೆಗೆ. ಬೇಸಿಗೆಯ ಆರಂಭದಲ್ಲಿ ಅಗೆಯುವ ಎಳೆಯ ಗಡ್ಡೆಗೆ ಸಿದ್ಧತೆ ಫೆಬ್ರುವರಿಯಲ್ಲೇ ಶುರುವಾಗುತ್ತದೆ. ಬಿತ್ತನೆ ಗಡ್ಡೆಗಳನ್ನು ಮೊಟ್ಟೆಯ ಟ್ರೇಗಳಲ್ಲಿ ಕಣ್ಣು ಮೇಲಾಗಿ ನಿಲ್ಲಿಸಿ, ತಂಪಾದ ಬೆಳಕಿರುವ ಕಿಟಕಿಯ ಬಳಿ ಇಟ್ಟು ಗಿಡ್ಡನೆಯ ಗಟ್ಟಿ ಮೊಳಕೆ ಬರಿಸುತ್ತಾರೆ. ನೆಡುವುದು ಮಾರ್ಚ್ ಕೊನೆಯಲ್ಲಿ. ಗುಡ್ ಫ್ರೈಡೇ ದಿನವೇ ನೆಡಬೇಕೆಂಬುದು ಹಳೆಯ ಸಂಪ್ರದಾಯ. ಆ ಹಬ್ಬ ಒಂದು ವರ್ಷ ಮಾರ್ಚ್‌ನಲ್ಲಿ, ಇನ್ನೊಂದು ವರ್ಷ ಏಪ್ರಿಲ್ ಮೂರನೆಯ ವಾರದಲ್ಲಿ ಬರುವುದರಿಂದ ಗಡ್ಡೆಗೆ ಇದರಿಂದ ಲಾಭವೇನೂ ಇಲ್ಲ. ಆದರೆ ಕೂಲಿಕಾರನಿಗೆ ವಸಂತದಲ್ಲಿ ಹಗಲು ಹೊತ್ತು ರಜೆ ಸಿಗುತ್ತಿದ್ದ ದಿನ ಅದು. ಸಂಪ್ರದಾಯದ ಗುಟ್ಟು ದೇವರಿಗಿಂತ ಮಾಲೀಕನ ಕೈಯಲ್ಲಿತ್ತು ಎನ್ನಬೇಕು.

ಚಿಗುರು ಮೇಲೆದ್ದಂತೆಲ್ಲ ಬುಡಕ್ಕೆ ಮಣ್ಣು ಏರಿಸುತ್ತಾ ಹೋಗಬೇಕು. ಇದರಿಂದ ಎಳೆ ಚಿಗುರು ಚಳಿಯಿಂದ ಉಳಿಯುತ್ತದೆ. ಗಡ್ಡೆ ಬಿಸಿಲು ತಾಗಿ ಹಸಿರಾಗುವುದೂ ತಪ್ಪುತ್ತದೆ. ಹಸಿರಾದ ಗಡ್ಡೆ ವಿಷ. ನೆಟ್ಟ ಹತ್ತು-ಹನ್ನೆರಡು ವಾರಕ್ಕೆ, ಗಿಡ ಹೂ ಬಿಡುವ ಹೊತ್ತಿಗೆ, ಬುಡದ ಮಣ್ಣನ್ನು ಬೆರಳಿನಿಂದ ಕೆದಕಿದರೆ ಕೋಳಿಮೊಟ್ಟೆ ಗಾತ್ರದ ಗಡ್ಡೆಗಳು ಸಿಗುತ್ತವೆ. ಸಿಪ್ಪೆ ಎಷ್ಟು ತೆಳುವೆಂದರೆ ಹೆಬ್ಬೆರಳಿನಿಂದ ಉಜ್ಜಿದರೆ ಬಿಡುತ್ತದೆ, ಚಾಕು ಬೇಡ. ಬೇಯಿಸುವ ಕ್ರಮ ಇಷ್ಟೇ: ಉಪ್ಪು ಹಾಕಿದ ನೀರು ಕುದಿಯುವಾಗ ಗಡ್ಡೆಗಳನ್ನೂ ಒಂದು ಕಡ್ಡಿ ಪುದೀನವನ್ನೂ ಹಾಕಿ ಹದಿನೈದು ನಿಮಿಷ ಬಿಡುವುದು, ನೀರು ಬಸಿದು ಬೆಣ್ಣೆ ಸವರುವುದು. ಕೂಡಿಟ್ಟ ಹಳೆಯ ಗಡ್ಡೆಯನ್ನು ತಣ್ಣೀರಿಗೆ ಹಾಕಿ ಕಾಯಿಸಬೇಕು, ಹೊಸದನ್ನು ಕುದಿಯುವ ನೀರಿಗೇ ಹಾಕಬೇಕು ಎಂಬುದು ಅಲ್ಲಿನ ಅಜ್ಜಿಯಂದಿರ ಕಟ್ಟಳೆ. ಖಾರ, ಒಗ್ಗರಣೆ ಏನೂ ಇಲ್ಲದ ಈ ಅಡುಗೆ ನಮ್ಮ ನಾಲಿಗೆಗೆ ಸಪ್ಪೆ ಎನಿಸಬಹುದು. ಎರಡು ತಿಂಗಳು ಸುಕ್ಕು ಗಡ್ಡೆ ತಿಂದವನಿಗೆ ಅದು ಹಬ್ಬ. ಬೇಗ ಅಗೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಜುಲೈ ಹೊತ್ತಿಗೆ ತೇವದ ಹವೆಯಲ್ಲಿ ಅಂಗಮಾರಿ ರೋಗ ಬರುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಮಹಾಕ್ಷಾಮ ತಂದ ರೋಗವೇ ಇದು. ಜೂನ್ ಗಡ್ಡೆ ಅದರ ಕೈಗೆ ಸಿಗುವುದಿಲ್ಲ.

ಎರಡನೆಯದು ಬ್ರಾಡ್ ಬೀನ್ಸ್. ನಮ್ಮ ಅವರೆಯನ್ನು ದೊಡ್ಡದು ಮಾಡಿ ದಪ್ಪ ತೋಳಿನಲ್ಲಿ ಇಟ್ಟಂತಿರುವ ಕಾಳು. ಕೊಲಂಬಸ್ ಅಮೆರಿಕಕ್ಕೆ ಹೋಗಿಬರುವ ಮೊದಲು ಯುರೋಪಿನ ಬಡವರ ಮುಖ್ಯ ಕಾಳು ಇದಾಗಿತ್ತು. ನಾವು ಬೀನ್ಸ್ ಎನ್ನುವ ಹುರುಳಿಕಾಯಿ ಅಲ್ಲಿಗೆ ತಲುಪಿದ್ದು ಆಮೇಲೆ. 'ಅಕ್ವಾಡುಲ್ಸಿ ಕ್ಲಾಡಿಯಾ' ಎಂಬ ಹಳೆಯ ತಳಿಯನ್ನು ನವೆಂಬರ್‌ನಲ್ಲೇ ಬಿತ್ತಿದರೆ ಚಳಿಗಾಲವನ್ನು ಬೆರಳುದ್ದದ ಸಸಿಯಾಗಿ ಕಳೆದು ಮೇ ಕೊನೆಗೆ, ಜೂನ್ ಮೊದಲಿಗೆ ಕಾಯಿ ಕೊಡುತ್ತದೆ. ಹಸಿವಿನ ಸಂಧಿಕಾಲವನ್ನು ಮುರಿಯುವ ಮೊದಲ ಕಾಳು ಇದು. ಕರಿ ಹೇನಿನ ಕಾಟ ವಿಪರೀತ. ಹೇನು ಮುತ್ತುವುದು ಎಳೆ ತುದಿಗೆ. ಬುಡದಲ್ಲಿ ಕಾಯಿ ಕಟ್ಟಿದೊಡನೆ ಗಿಡದ ತುದಿಯನ್ನು ಚಿವುಟಿಬಿಡುವುದೇ ಮದ್ದು. ಚಿವುಟಿದ ತುದಿಯನ್ನು ಎಸೆಯುವುದಿಲ್ಲ, ಸೊಪ್ಪಿನ ಹಾಗೆ ಬಾಡಿಸಿ ತಿನ್ನುತ್ತಾರೆ.

ಕಾಳು ಬಲಿತ ಮೇಲೆ ಅದರ ಬೂದುಬಣ್ಣದ ಹೊರಸಿಪ್ಪೆ ಕಹಿ. ಆಗ ಕಾಳನ್ನು ಮೂರು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ, ಬೆರಳಿನಲ್ಲಿ ಒತ್ತಿದರೆ ಒಳಗಿನ ಎಳೆ ಹಸಿರು ಬೇಳೆ ಜಾರಿ ಬರುತ್ತದೆ. ಡಿಸೆಂಬರ್ ತಿಂಗಳಲ್ಲಿ ಬೆಂಗಳೂರು, ಕೋಲಾರ, ಮೈಸೂರಿನ ಮನೆಗಳಲ್ಲಿ ಅವರೆಕಾಳು ಹಿತಕಲು ಕೂತವರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ. ನಾವು ನೆನೆಹಾಕಿ ಹಿತಕುತ್ತೇವೆ, ಅವರು ಬೇಯಿಸಿ ಹಿತಕುತ್ತಾರೆ, ಅಷ್ಟೇ ವ್ಯತ್ಯಾಸ. ನಾವು ಅದಕ್ಕೆ ಮಸಾಲೆ ಅರೆದು ಸಾರು ಮಾಡಿದರೆ ಅವರು ಹಾಲು, ಹಿಟ್ಟು, ಬೆಣ್ಣೆಯ ಗಟ್ಟಿ ಸಾಸ್‌ಗೆ ಪಾರ್ಸ್ಲಿ ಸೊಪ್ಪು ಹೆಚ್ಚಿ ಹಾಕಿ, ಉಪ್ಪಿಟ್ಟ ಹಂದಿಮಾಂಸದ ಜೊತೆ ಬಡಿಸುತ್ತಾರೆ. ಹಂದಿ ಸಾಕಿದ ಕೂಲಿಕಾರನ ಮನೆಯ ಊಟ ಅದು.

ಬಟಾಣಿಯದು ಸಮಯದ ಜೊತೆ ಪಂದ್ಯ. ಗಿಡದಿಂದ ಕಿತ್ತ ಕ್ಷಣದಿಂದ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ. ಮಾರುಕಟ್ಟೆಗೆ ಬರುವಷ್ಟರಲ್ಲಿ ಸಿಹಿ ಅರ್ಧ ಹೋಗಿರುತ್ತದೆ. ಹಾಗಾಗಿ ಹಿತ್ತಲಿನ ಬಟಾಣಿಯ ರುಚಿ ಹಣ ಕೊಟ್ಟರೂ ಸಿಗದು. ಬಹಳಷ್ಟು ಕಾಳು ಅಡುಗೆಮನೆ ತಲುಪುವುದೂ ಇಲ್ಲ, ಸಾಲಿನ ಪಕ್ಕದಲ್ಲೇ ಬಾಯಿಗೆ ಹೋಗುತ್ತದೆ. ಉಳಿದದ್ದನ್ನು ಲೆಟ್ಯೂಸ್ ಎಲೆ, ಎಳೆ ಈರುಳ್ಳಿಯ ಜೊತೆ ಸ್ವಲ್ಪವೇ ನೀರಿನಲ್ಲಿ, ಬೆಣ್ಣೆ ಹಾಕಿ ಮುಚ್ಚಿ ಬೇಯಿಸುತ್ತಾರೆ. ಖಾಲಿ ಸಿಪ್ಪೆ ಕುದಿಸಿ ಸೋಸಿದ ನೀರು ಸೂಪಿಗೆ.

ಸಂಧಿಕಾಲವನ್ನು ನೀಗಿಸುವ ಇನ್ನಿಬ್ಬರು ವರ್ಷವರ್ಷವೂ ತಾವಾಗಿ ಚಿಗುರುವವರು. ಒಂದು ಆಸ್ಪರಾಗಸ್, ನಮ್ಮ ಔಷಧಿಯ ಶತಾವರಿಯ ದಾಯಾದಿ. ನೆಲದಿಂದ ಕಡ್ಡಿಯಂತೆ ಏಳುವ ಮೊಳಕೆಯನ್ನೇ ಕತ್ತರಿಸಿ ಬೇಯಿಸುತ್ತಾರೆ. ನೆಟ್ಟ ಮೇಲೆ ಎರಡು-ಮೂರು ವರ್ಷ ಮುಟ್ಟುವಂತಿಲ್ಲ. ಕತ್ತರಿಸುವ ಕಾಲವೂ ಏಪ್ರಿಲ್ 23ರ ಸೇಂಟ್ ಜಾರ್ಜ್ ದಿನದಿಂದ ಜೂನ್ 21ರವರೆಗೆ ಮಾತ್ರ. ಆಮೇಲೆ ಗಿಡ ಬೆಳೆದು ಬೇರಿಗೆ ಶಕ್ತಿ ತುಂಬಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ಇನ್ನೊಂದು ರೂಬಾರ್ಬ್. ಕೆಂಪು ದಂಟಿನ, ಅಗಲ ಎಲೆಯ, ದೂರದಿಂದ ಕೆಸುವನ್ನು ನೆನಪಿಸುವ ಗಿಡ. ದಂಟು ಹುಣಸೆಯಷ್ಟು ಹುಳಿ. ಸಸ್ಯಶಾಸ್ತ್ರದ ಪ್ರಕಾರ ತರಕಾರಿ, ಆದರೆ ತಟ್ಟೆಗೆ ಬರುವುದು ಸಕ್ಕರೆ ಹಾಕಿ ಬೇಯಿಸಿದ ಸಿಹಿಯಾಗಿ. ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು, ತಿನ್ನಬಾರದು. ಮೊದಲ ಮಹಾಯುದ್ಧದಲ್ಲಿ ತರಕಾರಿಯ ಕೊರತೆಯಾದಾಗ ರೂಬಾರ್ಬ್ ಎಲೆಯನ್ನೂ ಸೊಪ್ಪಿನಂತೆ ಬಳಸಿ ಎಂಬ ಸಲಹೆ ಹಬ್ಬಿ, ನಂಬಿ ತಿಂದವರು ವಿಷಬಾಧೆಗೆ ತುತ್ತಾದ ಪ್ರಕರಣಗಳು ದಾಖಲಾಗಿವೆ.

ಯುದ್ಧಗಳೇ ಈ ಹಿತ್ತಲನ್ನು ಬಡವರ ಗುರುತಿನಿಂದ ಬಿಡಿಸಿ ಇಡೀ ದೇಶದ್ದನ್ನಾಗಿ ಮಾಡಿದ್ದು. ಆಹಾರ ಹೊತ್ತ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಮುಳುಗಿಸತೊಡಗಿದಾಗ ಖಾಲಿ ಜಾಗವೆಲ್ಲ ಪಾತಿಯಾಯಿತು. ಗಡಿಯಾರವನ್ನು ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ ತಿರುಗಿಸುವ ಪದ್ಧತಿ ಬ್ರಿಟನ್ನಿನಲ್ಲಿ ಶುರುವಾದದ್ದು 1916ರಲ್ಲಿ. ಕಲ್ಲಿದ್ದಲು ಉಳಿಸುವುದು ಅದರ ಉದ್ದೇಶವಾಗಿದ್ದರೂ ಸಂಜೆಯಲ್ಲಿ ಅಗೆಯುವವರಿಗೆ ಒಂದು ಗಂಟೆ ಬೆಳಕು ಉಡುಗೊರೆಯಾಗಿ ಸಿಕ್ಕಿತು. ಎರಡನೆಯ ಮಹಾಯುದ್ಧದಲ್ಲಿ 'ಗೆಲುವಿಗಾಗಿ ಅಗೆಯಿರಿ' ಎಂಬ ಸರ್ಕಾರಿ ಘೋಷಣೆ ಮನೆಮನೆಗೆ ಬಂತು. ಟವರ್ ಆಫ್ ಲಂಡನ್ ಕೋಟೆಯ ಒಣಗಿದ ಕಂದಕದಲ್ಲಿ ತರಕಾರಿ ಬೆಳೆದರು. ಹೈಡ್ ಪಾರ್ಕಿನಲ್ಲಿ ಹಂದಿ ಸಾಕಿದರು. 1943ರ ಹೊತ್ತಿಗೆ ಅಲಾಟ್‌ಮೆಂಟುಗಳ ಸಂಖ್ಯೆ ಸುಮಾರು 14 ಲಕ್ಷಕ್ಕೆ ಏರಿತ್ತು. ಬೆಣ್ಣೆ, ಸಕ್ಕರೆ, ಮಾಂಸಕ್ಕೆ ರೇಷನ್. ಹಿತ್ತಲಿನ ಸೊಪ್ಪು ತರಕಾರಿಗೆ ಇಲ್ಲ. ರೂಬಾರ್ಬಿನ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆ ಉದುರಿಸಿ ಬೇಯಿಸುವ 'ಕ್ರಂಬಲ್' ಮನೆಮಾತಾದದ್ದು ಆಗಲೇ ಎನ್ನುತ್ತಾರೆ. ಕಣಕ ನಾದಿ ಮಾಡುವ ಪೈಗಿಂತ ಅದಕ್ಕೆ ಕೊಬ್ಬು ಕಡಿಮೆ ಸಾಕು.

ಯುದ್ಧ ಮುಗಿದು 1954ರಲ್ಲಿ ರೇಷನ್ ತೆಗೆದ ಮೇಲೆ ಉತ್ಸಾಹ ಇಳಿಯಿತು. ಮುದುಕರು ಉಳಿದರು, ಮಕ್ಕಳು ಬರಲಿಲ್ಲ. ಖಾಲಿ ತುಂಡುಗಳ ಮೇಲೆ ಮನೆಗಳು, ರಸ್ತೆಗಳು ಬಂದವು. 1969ರಲ್ಲಿ ಪ್ರೊ. ಹ್ಯಾರಿ ಥಾರ್ಪ್ ನೇತೃತ್ವದ ಸಮಿತಿ, ಬಡತನದ ವಾಸನೆಯಿರುವ 'ಅಲಾಟ್‌ಮೆಂಟ್' ಎಂಬ ಹೆಸರನ್ನೇ ಬಿಟ್ಟು 'ವಿರಾಮದ ತೋಟ' ಎಂದು ಕರೆಯಬೇಕೆಂದು ಶಿಫಾರಸು ಮಾಡಿತು. ಹೆಸರು ಹಿಡಿಯಲಿಲ್ಲ. ಈಗ ಉಳಿದಿರುವ ತುಂಡುಗಳು ಮೂರು ಲಕ್ಷ ಚಿಲ್ಲರೆ. ಕಾಯುವವರ ಪಟ್ಟಿ ಮಾತ್ರ ಮತ್ತೆ ಉದ್ದವಾಗಿದೆ.

ಬಿಟ್ಟುಹೋದ ತುಂಡುಗಳನ್ನು ಹಿಡಿದವರಲ್ಲಿ ಹೊರದೇಶಗಳಿಂದ ಬಂದವರು ಬಹಳ. ಬರ್ಮಿಂಗ್‌ಹ್ಯಾಮ್, ಲೀಸ್ಟರ್ ನಗರಗಳಲ್ಲಿ ಪಂಜಾಬಿ, ಗುಜರಾತಿ ಕುಟುಂಬಗಳು ಮೆಂತ್ಯ, ಕೊತ್ತಂಬರಿ, ಮೂಲಂಗಿ ಬಿತ್ತಿದವು. ಕೆರೀಬಿಯನ್ ದ್ವೀಪಗಳವರು ನಮ್ಮ ದಂಟಿನ ಜಾತಿಯ ಸೊಪ್ಪನ್ನು ತಂದರು. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿರುವ ಅಪ್‌ಲ್ಯಾಂಡ್ಸ್ ಎಂಬ ಜಾಗದಲ್ಲಿ ಇಂಥ ನಾನೂರಕ್ಕೂ ಹೆಚ್ಚು ತುಂಡುಗಳಿವೆ. ಇಲ್ಲಿ ಮತ್ತೆ ಆ ಉದ್ದ ಹಗಲಿನ ಮಾತು ಬರುತ್ತದೆ. ಜೂನ್ ತಿಂಗಳಲ್ಲಿ ಕೊತ್ತಂಬರಿ ನಾಲ್ಕು ಎಲೆ ಬಿಡುವುದರೊಳಗೆ ಹೂವಿಗೆ ಓಡುತ್ತದೆ. ಎರಡು ವಾರಕ್ಕೊಮ್ಮೆ ಹೊಸದಾಗಿ ಬಿತ್ತುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಹಾಗಲ, ಬೆಂಡೆಗೆ ಪ್ಲಾಸ್ಟಿಕ್ ಮರೆಯ ಬೆಚ್ಚಗೆ ಬೇಕು. ಮೆಂತ್ಯ ಮಾತ್ರ ಯಾವ ತಕರಾರೂ ಇಲ್ಲದೆ ಬರುತ್ತದೆ.

ಬೇರೆ ಬೇರೆ ನಾಡಿನ ಅಡುಗೆಗಳು ಒಂದೇ ಬೇಲಿಯೊಳಗೆ ಕಲೆತ ಒಂದು ಜಾಗ ಪೂರ್ವ ಲಂಡನ್ನಿನ ಹ್ಯಾಕ್ನಿ ವಿಕ್ ಬಳಿ ಇತ್ತು. ಹೆಸರು ಮ್ಯಾನರ್ ಗಾರ್ಡನ್. ಲೀ ನದಿಯ ಕವಲುಗಳ ನಡುವೆ ನಾಲ್ಕೂವರೆ ಎಕರೆ, ಸುಮಾರು ಎಂಬತ್ತು ತುಂಡು. ಆರ್ಥರ್ ವಿಲಿಯರ್ಸ್ ಎಂಬ ಶ್ರೀಮಂತ ಬ್ಯಾಂಕರ್ 20ನೇ ಶತಮಾನದ ಮೊದಲ ದಶಕಗಳಲ್ಲಿ ಪೂರ್ವ ಲಂಡನ್ನಿನ ಬಡ ಕುಟುಂಬಗಳಿಗೆಂದು ಬಿಟ್ಟ ನೆಲ. ಅಲ್ಲಿ ಹಳೆಯ ಲಂಡನ್ನಿಗರ ಪಕ್ಕದಲ್ಲಿ ಸೈಪ್ರಸ್ ದ್ವೀಪದ ತುರ್ಕರು ಬೇಸಾಯ ಮಾಡುತ್ತಿದ್ದರು. ಇಂಗ್ಲಿಷರು ಬಲಿತ ಮೇಲೆ ಸುಲಿದು ತಿನ್ನುವ ಬ್ರಾಡ್ ಬೀನ್ಸನ್ನು ಇವರು ಎಳೆಯದಿರುವಾಗಲೇ ಸಿಪ್ಪೆಸಮೇತ ಆಲಿವ್ ಎಣ್ಣೆಯಲ್ಲಿ ಬೇಯಿಸುತ್ತಿದ್ದರು. ಗೂಡಿನ ಮುಂದೆಯೇ ಒಲೆ ಹೂಡಿ, ಕಿತ್ತದ್ದನ್ನು ಅಲ್ಲೇ ಬೇಯಿಸಿ ಹಂಚಿಕೊಂಡು ತಿನ್ನುವುದು ಅಲ್ಲಿನ ಬೇಸಿಗೆಯ ಸಂಜೆಗಳ ರೂಢಿ. ಅಲ್ಲೊಂದು ತುಂಡು ಹಿಡಿದಿದ್ದ, ಲಂಡನ್ನಿನ 'ಮೋರೋ' ಹೋಟೆಲಿನ ಸ್ಯಾಮ್ ಕ್ಲಾರ್ಕ್ ಎಂಬ ಒಂದೇ ಹೆಸರಿನ ದಂಪತಿ, ನೆರೆಹೊರೆಯವರಿಂದ ಕಲಿತ ಅಡುಗೆಗಳನ್ನು 'ಮೋರೋ ಈಸ್ಟ್' ಎಂಬ ಪುಸ್ತಕವಾಗಿ ತಂದರು.

ಪುಸ್ತಕ ಬರುವ ಹೊತ್ತಿಗೆ ಹಿತ್ತಲೇ ಇರಲಿಲ್ಲ. 2012ರ ಒಲಿಂಪಿಕ್ಸ್ ಕ್ರೀಡಾಕೂಟಕ್ಕೆ ಆಯ್ಕೆಯಾದ ನೆಲದಲ್ಲಿ ಮ್ಯಾನರ್ ಗಾರ್ಡನ್ ಸಿಕ್ಕಿಕೊಂಡಿತ್ತು. ಸಹಿ ಸಂಗ್ರಹ, ಕೋರ್ಟು, ಪತ್ರಿಕೆಗಳಲ್ಲಿ ಮೊರೆ ಯಾವುದೂ ಉಳಿಸಲಿಲ್ಲ. 2007ರ ಶರತ್ಕಾಲದಲ್ಲಿ ಬುಲ್ಡೋಜರ್‌ಗಳು ಬಂದವು. ತೋಟಗಾರರಿಗೆ ಲೇಟನ್ ಬಡಾವಣೆಯ ಮಾರ್ಷ್ ಲೇನ್‌ನಲ್ಲಿ ತಾತ್ಕಾಲಿಕ ಜಾಗ ಕೊಟ್ಟರು. ನೀರು ನಿಲ್ಲುವ ನೆಲ. ಬಿತ್ತಿದ್ದು ಕೊಳೆಯಿತೆಂದು ದೂರುಗಳು ಬಂದವು. ಕ್ರೀಡಾಕೂಟ ಮುಗಿದ ಮೇಲೆ ಹಿಂದಿರುಗಿಸುವುದಾಗಿ ಕೊಟ್ಟಿದ್ದ ಮಾತಿನಂತೆ, ವರ್ಷಗಳ ಎಳೆದಾಟದ ನಂತರ, ಒಲಿಂಪಿಕ್ ಪಾರ್ಕಿನ ದಕ್ಷಿಣ ಅಂಚಿನ ಪುಡಿಂಗ್ ಮಿಲ್ ಲೇನ್‌ನಲ್ಲಿ ಕೆಲವರಿಗೆ ನೆಲ ಸಿಕ್ಕಿತು. ಅಷ್ಟರಲ್ಲಿ ಕೆಲವರು ಲೇಟನ್ನಿನಲ್ಲೇ ಬೇರುಬಿಟ್ಟಿದ್ದರು, ಅಲ್ಲೇ ಉಳಿದರು.

ವ್ಯಾಟ್‌ಫರ್ಡ್ ಪಟ್ಟಣದ ಫಾರ್ಮ್ ಟೆರೇಸ್ ಎಂಬ ಅಲಾಟ್‌ಮೆಂಟಿನವರು ಆಸ್ಪತ್ರೆ ಮತ್ತು ವಸತಿ ಯೋಜನೆಯ ವಿರುದ್ಧ 1925ರ ಕಾಯ್ದೆಯನ್ನು ಮುಂದಿಟ್ಟುಕೊಂಡೇ ಹೋರಾಡಿದರು. ಮಂತ್ರಿಯ ಒಪ್ಪಿಗೆಯನ್ನು ಹೈಕೋರ್ಟಿನಲ್ಲಿ ಮತ್ತೆ ಮತ್ತೆ ಪ್ರಶ್ನಿಸಿ, ಕಡೆಗೆ 2016ರಲ್ಲಿ ಸೋತರು. ಆಸ್ಪತ್ರೆಯೂ ಬೇಕು, ಹಿತ್ತಲೂ ಬೇಕು ಎಂದವರಿಗೆ ನ್ಯಾಯಾಧೀಶರು ಎರಡನ್ನೂ ಕೊಡುವಂತಿರಲಿಲ್ಲ.

ಹೀಗೆ ಎತ್ತಂಗಡಿಯಾದವರು ಗೂಡಿನ ಹಲಗೆ ಬಿಚ್ಚಿ ಒಯ್ಯಬಹುದು, ಬೀಜ ಒಯ್ಯಬಹುದು, ರೂಬಾರ್ಬ್ ಗಡ್ಡೆಯನ್ನು ಅಗೆದು ಸೀಳಿ ಹೊಸ ಜಾಗದಲ್ಲಿ ನೆಟ್ಟರೆ ಒಂದೆರಡು ವರ್ಷದಲ್ಲಿ ದಂಟು ಕೊಡುತ್ತದೆ. ಆಸ್ಪರಾಗಸ್ ಹಳೆಯ ಬೇರು ಮಾತ್ರ ಕಿತ್ತು ನೆಟ್ಟರೆ ಬರುವುದು ಕಷ್ಟ. ಅದನ್ನು ಹೊಸದಾಗಿ ನೆಟ್ಟು, ಮೂರನೆಯ ಮೇ ತಿಂಗಳವರೆಗೆ ಕಾಯಬೇಕು.